ಎಲ್ ಬೋರ್ಡಿನ ಮಳೆಗಾಲ

ಹಳೇಬೀಡಿನ ಕೆರೆ ಏರಿಯ ತಿರುವಿನಲ್ಲಿ ಇವತ್ತು ನನ್ನ ವ್ಯಾನಿನ ಮುಂದೆ ಒಂದು ಡ್ರೈವಿಂಗ್ ಸ್ಕೂಲಿನ ಕಾರು ನಿಂತುಬಿಟ್ಟಿತು. ಒಳಗಿದ್ದ ಹುಡುಗಿ ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತಿದ್ದಳು. ಕಾರು ಒಂದು ಮೊಳ ಮುಂದೆ ಹೋಗಿ ಎರಡು ಮೊಳ ಹಿಂದಕ್ಕೆ ಜಾರುತ್ತಿತ್ತು. ನನ್ನ ಹಿಂದಿದ್ದ ಟೆಂಪೋದವನು ಹಾರ್ನ್ ಹೊಡೆದೂ ಹೊಡೆದೂ ತಲೆ ತಿಂದ. ನಾನು ಗಾಜು ಇಳಿಸಿಕೊಂಡು ಸುಮ್ಮನೆ ಕೂತಿದ್ದೆ, ಅಷ್ಟರಲ್ಲಿ ಆ ವಾಸನೆ ಒಳಗೆ ಬಂತು. ಕ್ಲಚ್ ಪ್ಲೇಟು ಸುಡುವ ವಾಸನೆ. ಆ ಹುಡುಗಿ ಕ್ಲಚ್ ಮೇಲಿಂದ ಕಾಲು ತೆಗೆಯುತ್ತಲೇ ಇರಲಿಲ್ಲ. ನಾನೂ ತೆಗೆಯುತ್ತಿರಲಿಲ್ಲ. ಒಂದು ಇಡೀ ಮಳೆಗಾಲ ನನ್ನ ಸೀರೆಗೆ, ತಲೆಗೂದಲಿಗೆ ಇದೇ ವಾಸನೆ ಹತ್ತಿಕೊಂಡಿತ್ತು. ಕಾರು ಹೇಗೋ ಹತ್ತಿ ಹೋಯಿತು, ಟೆಂಪೋದವನೂ ಬೈದುಕೊಂಡು ಹೋದ. ನಾನು ವ್ಯಾನು ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿಸಿಕೊಂಡೆ.

ನಮ್ಮದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಗಲ್ಲಾದ ಮುಂದೆ ಕೂರುವ ವ್ಯಾಪಾರವಲ್ಲ. ನಮ್ಮ ಯಜಮಾನರು ಈ ಸುತ್ತಿಗೆಲ್ಲ ಪರಮೇಶಣ್ಣ ಎಂದೇ ಪರಿಚಯ. ವ್ಯಾನು ತೆಗೆದುಕೊಂಡು ಗಂಡಸಿ, ಜಾವಗಲ್, ಹಳೇಬೀಡು, ಬೇಲೂರಿನ ಕಡೆಯ ಹಳ್ಳಿಗಳಿಗೆ ಹೋಗಿ, ರೈತರ ಮನೆಯ ಅಟ್ಟ ಹತ್ತಿ, ಕಾಯಿ ನೋಡಿ ಕೊಳ್ಳುವವರು. ತೆಂಗಿನಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನಬೇಕು. ಆ ಸದ್ದು ಕೇಳಿಯೇ ಇವರು ಕಾಯಿ ಪೂರ್ತಿ ಆಗಿದೆಯೋ, ಇನ್ನೂ ಹಸಿಯಿದೆಯೋ ಎಂದು ಹೇಳುತ್ತಿದ್ದರು. ಮಗಳನ್ನು ದಾವಣಗೆರೆಗೆ ಕೊಟ್ಟ ಮೇಲೆ ಮನೆಯಲ್ಲಿ ಒಬ್ಬಳೇ ಗೋಡೆ ನೋಡುತ್ತಾ ಕೂರುವುದು ನನಗೆ ಆಗಲಿಲ್ಲ. ನಾನೂ ಬುತ್ತಿ ಕಟ್ಟಿಕೊಂಡು ವ್ಯಾನಿನಲ್ಲಿ ಇವರ ಜೊತೆ ಹೊರಡಲು ಶುರು ಮಾಡಿದೆ.

ದಾರಿಯುದ್ದಕ್ಕೂ ಇವರು ಏನಾದರೂ ಕೇಳುತ್ತಿದ್ದರು. "ಎಡಗಡೆ ಯಾರಾದ್ರೂ ಬಂದ್ರಾ ನೋಡೇ." "ಆ ಬೈಕಿನೋನು ನಿಂತ್ನಾ?" "ಬಸ್ಸು ಪಾಸಾಯ್ತಾ?" ನಾನು ನೋಡಿ ಹೇಳುತ್ತಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ಊಟದ ಉಪ್ಪು ಖಾರ ಬಿಟ್ಟು ಇನ್ನೊಂದು ಮಾತಾಡದ ಗಂಡಸು, ಈಗ ವಯಸ್ಸಾದ ಮೇಲೆ ಹೆಂಡತಿಯ ಜೊತೆ ಮಾತು ಕಲಿತರಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಅದು ಮಾತಲ್ಲ, ನನ್ನ ಕಣ್ಣನ್ನು ಎರವಲು ಪಡೆಯುತ್ತಿದ್ದಾರೆ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು.

ತಿಳಿದದ್ದು ಮುಂಗಾರು ಹಿಡಿದ ಮೊದಲ ವಾರದಲ್ಲಿ. ಜಾವಗಲ್ ಕಡೆಯ ಒಂದು ಹಳ್ಳಿಯ ಡೇರಿ ಮುಂದೆ ರಸ್ತೆ ಬದಿಯಲ್ಲಿ ಹಾಲಿನ ಕ್ಯಾನುಗಳನ್ನು ಸಾಲಾಗಿ ಇಟ್ಟಿದ್ದರು. ಅವತ್ತು ನಾನು ಕತ್ತು ಬಗ್ಗಿಸಿಕೊಂಡು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ವ್ಯಾನು ಸೀದಾ ಹೋಗಿ ಕ್ಯಾನುಗಳಿಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಮಳೆನೀರಿನ ಜೊತೆ ಹಾಲು ಬೆಳ್ಳಗೆ ರಸ್ತೆಯ ಮೇಲೆ ಹರಿಯಿತು, ಜನ ಸೇರಿ ಕೂಗಾಡಿದರು. ಇವರು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದರು. "ಕಾಣಲೇ ಇಲ್ಲ ಕಣೇ ಕಲಾ," ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದು ನಾನು ಅದುವರೆಗೆ ಕೇಳಿರಲಿಲ್ಲ.

ಹಾಸನದ ಕಣ್ಣಿನ ಡಾಕ್ಟರು ಕಣ್ಣಿಗೆ ಏನೇನೋ ಬೆಳಕು ಬಿಟ್ಟು ನೋಡಿ, ಕಣ್ಣಿನ ಒತ್ತಡ ಹೆಚ್ಚಾಗಿ ನರ ಹಾಳಾಗಿದೆ ಎಂದರು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ನೋಡೋಣ, ಅದಕ್ಕೂ ಖಾತರಿ ಕೊಡಲಾರೆ. ಇವರಿಗೆ ಸುತ್ತಲಿನದು ಏನೂ ಕಾಣುವುದಿಲ್ಲ, ಎದುರಿಗೆ ಇರುವುದು ಒಂದು ಚೂರು ಮಾತ್ರ, ಊದುಕೊಳವೆಯಲ್ಲಿ ನೋಡಿದ ಹಾಗೆ. ಗಾಡಿ ಓಡಿಸುವುದು ಇವತ್ತಿಗೆ ನಿಲ್ಲಿಸಬೇಕು ಎಂದು ನನ್ನ ಮುಖ ನೋಡಿ ಹೇಳಿದರು. ಮನೆಗೆ ಬಂದವಳೇ ಬಚ್ಚಲ ಒಲೆಯ ಹತ್ತಿರ ಮೂಲೆಯಲ್ಲಿ ಬಿದ್ದಿದ್ದ ಊದುಕೊಳವೆ ತೆಗೆದು ಒಂದು ಕಣ್ಣಿಗೆ ಹಿಡಿದು, ಇನ್ನೊಂದು ಕಣ್ಣು ಮುಚ್ಚಿಕೊಂಡು ನಡುಮನೆಯಲ್ಲಿ ನಡೆದೆ. ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯಿತು. ಇಷ್ಟು ದಿನ ಈ ಮನುಷ್ಯ ಇಷ್ಟೇ ಇಷ್ಟು ಕಂಡಿಯಲ್ಲಿ ನೋಡಿಕೊಂಡು ನನ್ನನ್ನು ಬೇಲೂರಿನವರೆಗೆ ಕರೆದುಕೊಂಡು ಹೋಗಿ ಬಂದರಲ್ಲ! ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲಿನ ದಿನಗಳಲ್ಲಿ ಇವರು ಮನೆಯ ಜಗಲಿ ಬಿಟ್ಟು ಅಲ್ಲಾಡಲಿಲ್ಲ. ಕೆಲವು ಸಲ ಫೋನು ಹೊಡೆದುಕೊಂಡರೂ ಎತ್ತುತ್ತಿರಲಿಲ್ಲ. ಎಲ್ಲಾ ರೈತರದೇ, ಕಾಯಿ ಆಗಿದೆ, ಬನ್ನಿ ಎನ್ನಲು. ಒಬ್ಬ ಡ್ರೈವರ್ ಇಟ್ಟುಕೊಳ್ಳೋಣ ಎಂದೆ.

"ಡ್ರೈವರ್ರಾ? ನನ್ನ ಮನೆಗಳನ್ನೆಲ್ಲಾ ಅವನಿಗೆ ತೋರಿಸ್ಕೊಡ್ಲಾ? ಯಾರ ಅಟ್ಟದಾಗೆ ಏನೈತೆ ಅಂತ ಒಂದು ವರ್ಷ ನೋಡ್ಕಂಡು, ಆಮೇಲೆ ಅವನೇ ವ್ಯಾಪಾರ ಶುರು ಮಾಡ್ತಾನೆ."

ಅದು ಸುಳ್ಳಲ್ಲ. ಈ ವ್ಯಾಪಾರದಲ್ಲಿ ಮನೆಗಳ ಪರಿಚಯವೇ ಬಂಡವಾಳ. ಅರಸೀಕೆರೆಯಲ್ಲಿ ಹಾಗೆ ಡ್ರೈವರಾಗಿ ಬಂದು ವ್ಯಾಪಾರಿಗಳಾದವರು ಇದ್ದಾರೆ.

"ಹಂಗಾದ್ರೆ ಏನ್ ಮಾಡ್ತೀರಾ?"

"ವ್ಯಾನ್ ಮಾರ್ಬಿಡಾನ. ಇಲ್ಲೇ ಕೂತಿರ್ತೀನಿ." ಆಮೇಲೆ ತಾವಾಗಿಯೇ ಹೇಳಿದರು, "ಹಿಂಗೆ ಮನೇಲಿ ಕೂತ್ರೆ ನಾನು ಸತ್ತಂಗೇ ಕಣೇ. ಉಸಿರಾಡ್ತಿರ್ತೀನಿ, ಅಷ್ಟೇಯ."

ನನಗೆ ಮೂಗಿನ ಮೇಲೆ ಕೋಪ. ದುಃಖವಾದರೂ ನನ್ನ ಬಾಯಿಂದ ಅದು ಕೋಪವಾಗಿಯೇ ಬರುವುದು. "ನೀವೂ ಸಾಯ್ಬೇಡಿ, ವ್ಯಾನೂ ಮಾರ್ಬೇಡಿ. ನಾನೇ ಕಲೀತೀನಿ. ನಾನೇ ನಿಮ್ಮನ್ನ ಅಟ್ಟದ ಬುಡದ ತನಕ ಕರ್ಕೊಂಡು ಹೋಗ್ತೀನಿ. ಹತ್ತೋದು ನೀವು ಹತ್ತಿ," ಎಂದೆ. ಇವರು ನಕ್ಕರು. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ನಕ್ಕಿದ್ದು ಅದೇ ಮೊದಲು.

ನನಗೆ ಆಗ ಐವತ್ತು ಹತ್ತಿರ. ಸೈಕಲ್ಲನ್ನೂ ತುಳಿದವಳಲ್ಲ. ಆ ವಯಸ್ಸಿನಲ್ಲಿ ಎಲ್‌ಎಲ್‌ಆರ್ ಮಾಡಿಸಲು ಕಂಪ್ಯೂಟರಿನ ಮುಂದೆ ಕೂತು, ಯಾವ ಬೋರ್ಡಿಗೆ ಏನು ಅರ್ಥ ಎಂದು ಒತ್ತಿ ಪಾಸಾಗಿ ಬಂದೆ. ಇವರು ವ್ಯಾನಿನ ಮುಂದೆ ಹಿಂದೆ ಕೆಂಪು ಟೇಪು ಕತ್ತರಿಸಿ ಎಲ್ ಅಂಟಿಸಿದರು. ಹಿಂದಿನದು ಸೊಟ್ಟಗಾಗಿತ್ತು. ನಾನು ಹೇಳಲಿಲ್ಲ.

ಊರಿನ ಆಚೆ, ಯಾರೋ ಸೈಟು ಮಾರಲು ರಸ್ತೆ ಮಾಡಿ ಕಲ್ಲು ನೆಟ್ಟು ಬಿಟ್ಟಿದ್ದ ಖಾಲಿ ಲೇಔಟಿನಲ್ಲಿ ನನ್ನ ಪಾಠ ನಡೆಯಿತು. ಅರಸೀಕೆರೆಯಲ್ಲಿ ಅರ್ಧ ಜನ ಕಾರು ಕಲಿಯುವುದು ಇಂಥ ಲೇಔಟುಗಳಲ್ಲೇ. ಮನೆಯಿಲ್ಲ, ಮಕ್ಕಳಿಲ್ಲ, ಮೇಯುವ ಎಮ್ಮೆ ಮಾತ್ರ. ಲೇಔಟಿನವರೆಗೆ ಡ್ರೈವಿಂಗ್ ಸ್ಕೂಲಿನ ರಫೀಕ್ ಎಂಬುವವರು ವ್ಯಾನು ತಂದು ನಿಲ್ಲಿಸಿ, ಮೊದಮೊದಲು ತಾವೇ ಪಕ್ಕದಲ್ಲಿ ಕೂತು ಕಲಿಸಿದರು. ಸ್ವಲ್ಪ ಕೈ ಪಳಗಿದ ಮೇಲೆ ಇವರು, "ಇನ್ನು ನಾನು ನೋಡ್ಕಂತೀನಿ ಬಿಡಿ ರಫೀಕ್," ಎಂದು ಎಡಗಡೆ ಸೀಟಿಗೆ ಬಂದು ಕೂತರು.

ಕಣ್ಣಿಲ್ಲದ ಮೇಷ್ಟರು ಕಿವಿಯಲ್ಲೇ ಎಲ್ಲವನ್ನೂ ಹಿಡಿಯುತ್ತಿದ್ದರು. "ಇಂಜಿನ್ ಒದ್ದಾಡ್ತೈತೆ, ಕೇಳಿಸಲ್ವಾ? ಗೇರ್ ಇಳಿಸು." "ಈಗ ಹಗುರಾಯ್ತು, ಮೇಲಕ್ಕೆ ಹಾಕು." "ಕ್ಲಚ್ ಮೇಲೆ ಕಾಲಿಟ್ಕಂಡು ನಿದ್ದೆ ಮಾಡ್ತೀಯಾ? ಪ್ಲೇಟ್ ಸುಟ್ಟ ವಾಸನೆ ಮೂಗಿಗೆ ಹೊಡೀತೈತೆ, ತೆಗಿಯೇ ಕಾಲು!" ನಾನು ಕಾಲು ತೆಗೆದರೆ ವ್ಯಾನು ಕುಪ್ಪಳಿಸಿ ನಿಂತುಬಿಡುತ್ತಿತ್ತು. ಇಬ್ಬರೂ ಜಗಳವಾಡುತ್ತಿದ್ದೆವು. ಎಮ್ಮೆಗಳು ತಲೆಯೆತ್ತಿ ನೋಡುತ್ತಿದ್ದವು. ಮಳೆ ಬಂದರೆ ಗಾಜು ಏರಿಸಿಕೊಂಡು, ಒಳಗೆ ಕೂತು, ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದೆವು. ವೈಪರ್ ಆಡುವ ಸದ್ದು ಕೇಳಿ "ರಬ್ಬರ್ ಸವೆದೈತೆ, ಬದಲಾಯಿಸ್ಬೇಕು" ಎನ್ನುತ್ತಿದ್ದರು. ಆ ಮಳೆಗಾಲದಲ್ಲಿ ಇವರು ನನ್ನನ್ನು ಬೈದಷ್ಟು ಯಾವತ್ತೂ ಬೈದಿಲ್ಲ, ನನ್ನ ಜೊತೆ ನಕ್ಕಷ್ಟು ಯಾವತ್ತೂ ನಕ್ಕಿಲ್ಲ. ಅದನ್ನು ನೆನೆದರೆ ಬೇರೆಯವರಿಗೆ ಸಂತೋಷವಾಗುತ್ತಿತ್ತೋ ಏನೋ. ನನಗೆ ಆಗುವುದಿಲ್ಲ.

ಭಾದ್ರಪದದ ಹೊತ್ತಿಗೆ ರಸ್ತೆಗೆ ಇಳಿದೆವು. ಮೊದಲು ಗಂಡಸಿ ಕಡೆಗೆ, ಆಮೇಲೆ ಜಾವಗಲ್ ದಾಟಿ ಹಳೇಬೀಡಿನ ಕಡೆಗೆ. ಕೊಳ್ಳಲು ಅಲ್ಲ, ಬರೀ ಓಡಿಸಲು. ಲೈಸೆನ್ಸ್ ಬರುವ ತನಕ ರೈತರ ಮನೆ ಬಾಗಿಲಿಗೆ ಹೋಗುವುದು ಬೇಡ ಎಂದು ಇವರದೇ ಹಟ. "ಹೋದ್ರೆ ಸರಿಯಾಗಿ ಹೋಗಾನ. ಎಲ್ ಬೋರ್ಡ್ ಹಾಕ್ಕಂಡು ಹೋದ್ರೆ ನಗ್ತಾರೆ." ನಮ್ಮ ಕಡೆ ಒಣ ಗಾಳಿ, ಧೂಳು. ಜಾವಗಲ್ ದಾಟುತ್ತಿದ್ದ ಹಾಗೆ ಗಾಳಿಗೆ ತಂಪು ಬರುತ್ತದೆ, ಹಳೇಬೀಡು ಬರುವ ಹೊತ್ತಿಗೆ ಜಿಟಿಜಿಟಿ ಹಿಡಿದಿರುತ್ತದೆ. "ಹಳೇಬೀಡು ಬಂತು ಅಲ್ವಾ? ಗಾಳಿ ಬದಲಾಯ್ತು," ಎಂದು ಇವರು ನನಗಿಂತ ಮೊದಲೇ ಹೇಳುತ್ತಿದ್ದರು.

ಹಾಗೆ ಒಂದು ದಿನ ಜಾವಗಲ್ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿದರು. ಗಾಡಿ ಪಕ್ಕಕ್ಕೆ ಹಾಕಿದೆ. ಚಿಕ್ಕ ವಯಸ್ಸಿನ ಪೊಲೀಸು, ಮರ್ಯಾದೆಯಿಂದಲೇ ಕೇಳಿದ.

"ಏನಮ್ಮಾ, ಎಲ್ ಬೋರ್ಡ್ ಹಾಕ್ಕೊಂಡು ಇಷ್ಟು ದೂರ ಬಂದಿದೀರಾ? ಪಕ್ಕದಲ್ಲಿ ಲೈಸೆನ್ಸ್ ಇರೋರು ಯಾರು?"

"ನಾನೇ ಸ್ವಾಮಿ," ಎಂದರು ಇವರು. ಜೇಬಿನಿಂದ ಲೈಸೆನ್ಸ್ ತೆಗೆದು ಚಾಚಿದರು. ಕೈ ಪೊಲೀಸಿನವನ ಕಡೆ ಹೋಗದೆ ಮುಂದಿನ ಗಾಜಿನ ಕಡೆ ಹೋಯಿತು. ನಾನು ಬೇಗ ಅದನ್ನು ಇಸಿದುಕೊಂಡು ಅವನ ಕೈಗೆ ಕೊಟ್ಟೆ. ಅವನು ತಿರುಗಿಸಿ ನೋಡಿದ. ಕಾರ್ಡಿನ ಪ್ರಕಾರ ಎಲ್ಲಾ ಸರಿಯಾಗಿತ್ತು. ಅವಧಿ ಇನ್ನೂ ಇತ್ತು.

"ಸರಿ ಸಾರ್, ನೀವಿದೀರಲ್ಲ. ಮೇಡಮ್‌ಗೆ ನಿಧಾನಕ್ಕೆ ಓಡ್ಸಕ್ಕೆ ಹೇಳಿ," ಎಂದು ವಾಪಸ್ ಕೊಟ್ಟ.

ಮುಂದೆ ಬಂದ ಮೇಲೂ ನಾನು ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಇದ್ದೆ. ಇವರು ಮಾತ್ರ ಎದೆ ಸೆಟೆಸಿ ಕೂತಿದ್ದರು. "ನೋಡ್ದಾ? ನಾನಿರೋದ್ಕೆ ಬಿಟ್ಟ," ಎಂದರು. ಆ ಕಾರ್ಡನ್ನು ಜೇಬಿಗೆ ಹಾಕಿಕೊಳ್ಳದೆ ಬೆರಳಿನಲ್ಲಿ ಸವರುತ್ತಾ ಮನೆಯ ತನಕ ಬಂದರು. ನನಗೆ ಆಗ ಅರ್ಥವಾಯಿತು. ನನ್ನ ಗಾಡಿಯಲ್ಲಿ ಎಲ್ ಇರುವ ತನಕ ಈ ಮನುಷ್ಯನಿಗೆ ಒಂದು ಕೆಲಸವಿದೆ. ಅವರಿಲ್ಲದೆ ನಾನು ರಸ್ತೆಗೆ ಇಳಿಯುವಂತಿಲ್ಲ, ಸರ್ಕಾರದ ಕಾನೂನೇ ಹಾಗಿದೆ.

ಕಣ್ಣು ಮಾತ್ರ ಕಾನೂನು ಕೇಳುವುದಿಲ್ಲವಲ್ಲ. ಹೊತ್ತು ಹೊತ್ತಿಗೆ ಮರೆಯದೆ ಹನಿ ಹಾಕುತ್ತಿದ್ದೆ. ಆದರೂ ದೀಪಾವಳಿ ಹೊತ್ತಿಗೆ ಮೆಟ್ಟಿಲು ತಡಕಾಡಲು ಶುರು ಮಾಡಿದರು. ತಟ್ಟೆಯಲ್ಲಿ ಪಲ್ಯ ಯಾವ ಕಡೆ ಇದೆ ಎಂದು ಕೇಳಿದರು. ಹಾಸನದ ಸಿಗ್ನಲ್‌ನಲ್ಲಿ ಮೊದಲೆಲ್ಲ "ಕೆಂಪು ಬಂತು" ಎಂದು ತಾವೇ ಹೇಳುತ್ತಿದ್ದವರು ಈಗ "ಏನು ಬಿದ್ದೈತೆ?" ಎಂದು ಕೇಳತೊಡಗಿದರು. ಡಾಕ್ಟರು ಹನಿ ಬದಲಾಯಿಸಿದರು. ಬೇರೆ ಏನೂ ಬದಲಾಗಲಿಲ್ಲ.

ಟೆಸ್ಟಿಗೆ ಹಾಸನಕ್ಕೆ ಹೋದೆವು. ಮುಂದಕ್ಕೆ ಓಡಿಸಿದ್ದು ಚೆನ್ನಾಗಿಯೇ ಆಯಿತು, ಹಿಂದಕ್ಕೆ ತರುವಾಗ ಹಿಂದಿನ ಚಕ್ರ ಗೆರೆ ದಾಟಿ ಕಂಬಕ್ಕೆ ತಾಗಿತು. ಫೇಲು. ಹುಡುಗ ಹುಡುಗಿಯರೆಲ್ಲ ಪಾಸಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಮುಖ ಊದಿಸಿಕೊಂಡು ಆಚೆ ಬಂದೆ. ಬೇಲಿಯ ಹತ್ತಿರ ರಫೀಕ್ ಜೊತೆ ನಿಂತಿದ್ದ ಇವರಿಗೆ ನನ್ನ ಹೆಜ್ಜೆ ಸದ್ದಿನಲ್ಲೇ ಗೊತ್ತಾಯಿತು.

"ಹೋಯ್ತಾ?"

"ಹೋಯ್ತು."

"ಹೋಗ್ಲಿ ಬಿಡು. ಇನ್ನೊಂದಷ್ಟು ದಿನ ಕಲ್ತ್ರಾಯ್ತು. ಅವಸರ ಏನೈತೆ?"

ಅಷ್ಟಕ್ಕೇ ಬಿಡಲಿಲ್ಲ. ರಫೀಕ್ ಅವರನ್ನೂ ಎಳೆದುಕೊಂಡು ಹೋಗಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು. ತಾವು ಎರಡು ತಿಂದರು. ದಾರಿಯುದ್ದಕ್ಕೂ ರಿವರ್ಸ್ ಹೇಗೆ ಹಾಕಬೇಕು, ಕನ್ನಡಿಯಲ್ಲಿ ಏನು ನೋಡಬೇಕು ಎಂದು ಹೇಳಿದ್ದೇ ಹೇಳಿದ್ದು. ಹೆಂಡತಿ ಫೇಲಾದದ್ದಕ್ಕೆ ಇಷ್ಟು ಹಿಗ್ಗಿದ ಗಂಡನನ್ನು ನಾನು ನೋಡಿರಲಿಲ್ಲ. ನನಗೆ ಮೊದಲು ಸಿಟ್ಟು ಬಂತು. ಹಾರನಹಳ್ಳಿ ಹತ್ತಿರ ಬರುವಾಗ ಸಿಟ್ಟು ಇಳಿದು ಕಾರಣ ಹೊಳೆಯಿತು. ಇವರಿಗೆ ನಾನು ಪಾಸಾಗುವುದು ಬೇಕಾಗಿಲ್ಲ. ನಾನು ಪಾಸಾಗದಿದ್ದರೆ ಇವರು ರೈತರ ಮನೆಗೆ ಹೋಗುವ ಹಾಗಿಲ್ಲ, ಪಾಸಾದರೆ ನನ್ನ ಪಕ್ಕದಲ್ಲಿ ಇವರು ಇರಲೇಬೇಕು ಎಂದಿಲ್ಲ. ಎರಡರಲ್ಲಿ ಯಾವುದನ್ನು ಕೊಟ್ಟರೆ ಈ ಮನುಷ್ಯ ಉಳಿಯುತ್ತಾರೆ ಎಂದು ನನಗೆ ತಿಳಿಯಲಿಲ್ಲ.

ಎರಡನೇ ಸಲ ಟೆಸ್ಟಿಗೆ ಹೋದಾಗ ಮಾಗಿಯ ಚಳಿ. ರಿವರ್ಸ್ ಗೇರ್ ಹಾಕಿ ಕನ್ನಡಿ ನೋಡಿದಾಗ, ಬೇಕೆಂದೇ ಕಂಬಕ್ಕೆ ತಾಗಿಸಿಬಿಡಲೇ ಎಂದು ಒಂದು ಯೋಚನೆ ಬಂದದ್ದು ನಿಜ. ಆದರೆ ಅಟ್ಟಗಳಲ್ಲಿ ಕಾಯಿ ಕಾಯುತ್ತಿದ್ದವು. ಪರಮೇಶಣ್ಣ ಬರುತ್ತಾರೆ ಎಂದು ಬೇರೆಯವರಿಗೆ ಕೊಡದೆ ಇಟ್ಟುಕೊಂಡವರಿದ್ದರು. ಅವರ ಅಂಗಳದಲ್ಲಿ ನಿಂತರೆ ಇವರು ಮೊದಲಿನ ಹಾಗೆ ಆಗುತ್ತಾರೆ ಎಂದುಕೊಂಡೆ. ವ್ಯಾನು ಗೆರೆಗಳ ನಡುವೆ ಹೋಗಿ ನಿಂತಿತು.

"ಪಾಸು," ಎಂದೆ, ಇವರ ಹತ್ತಿರ ಬಂದು.

"ಆಯ್ತಾ? ಒಳ್ಳೇದಾಯ್ತು," ಎಂದರು. ದೋಸೆಯ ಮಾತು ಬರಲಿಲ್ಲ. ಮನೆಗೆ ಬಂದ ಮೇಲೆ ವ್ಯಾನಿನ ಹಿಂದೆ ಹೋಗಿ, ಗಾಜನ್ನು ಅಂಗೈಯಲ್ಲಿ ಸವರಿ ಟೇಪಿನ ತುದಿ ಹುಡುಕಿ, ಉಗುರಿನಲ್ಲಿ ಕೆರೆದು ಎಲ್ ಕಿತ್ತರು. ಬಿಸಿಲಿಗೆ ಒಣಗಿ ಅದು ಸುಲಭಕ್ಕೆ ಬರಲಿಲ್ಲ, ಚೂರುಚೂರಾಗಿ ಬಂತು. ನಾನು ಮಾಡುತ್ತೇನೆ ಬಿಡಿ ಎಂದೆ. ಕೇಳಲಿಲ್ಲ. ಸೀಮೆಎಣ್ಣೆ ಬಟ್ಟೆ ಇಸಿದುಕೊಂಡು ಅಂಟು ಹೋಗುವ ತನಕ ಒರೆಸಿದರು. ಅವರ ಬೆರಳ ತುದಿಗಳು ಕೆಂಪಾಗಿದ್ದವು.

ಲೈಸೆನ್ಸ್ ಅಂಚೆಯಲ್ಲಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಮಾರನೆಯ ದಿನವೇ ಹೊರಟೆವು. ಮೊದಲ ಮನೆ ಯಾವುದಾಗಬೇಕು ಎಂದು ಇವರೇ ಹೇಳಿದ್ದರು: ಹಳೇಬೀಡಿನ ಹತ್ತಿರದ ಹಳ್ಳಿಯ ಚನ್ನೇಗೌಡರದು. ನಮ್ಮ ಮದುವೆಗೂ ಮುಂಚಿನಿಂದ ಇವರು ಕಾಯಿ ಕೊಳ್ಳುತ್ತಿದ್ದ ಮನೆ. ಇವರು ಇಸ್ತ್ರಿ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬೆಳಿಗ್ಗೆ ಬೇಗನೆ ಸಿದ್ಧರಾಗಿ ಜಗಲಿಯಲ್ಲಿ ಕೂತಿದ್ದರು. ಮದುಮಗನ ಹಾಗೆ ಕಾಣುತ್ತೀರಿ ಎಂದು ರೇಗಿಸಿದೆ. "ಸುಮ್ನೆ ಗಾಡಿ ತೆಗಿಯೇ," ಎಂದರು, ನಾಚಿಕೊಂಡು. ದಾರಿಯಲ್ಲಿ ಆ ಮನೆಯ ಬಗ್ಗೆಯೇ ಮಾತು. ಅಂಗಳದಿಂದ ಅಟ್ಟದ ಏಣಿಗೆ ಹೇಗೆ ಹೋಗಬೇಕು, ಏಣಿಯ ಯಾವ ಮೆಟ್ಟಿಲು ಸಡಿಲ, ಎಲ್ಲಾ ಹೇಳಿದರು. ವ್ಯಾನು ನಿಲ್ಲಿಸಿದಾಗ ನಾನು ಇಳಿದು ಅವರ ಕಡೆಗೆ ಬಂದೆ.

"ಕೈ ಹಿಡೀಬೇಡ. ಈ ಅಂಗಳ ನಂಗೊತ್ತು. ಸೀದಾ ನಡ್ಕಂಡೋದ್ರೆ ಏಣಿ."

ನಾನು ಹಿಂದೆಯೇ ಉಳಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಕಾಯಿ ವ್ಯಾಪಾರದಲ್ಲಿ ಕೊಳ್ಳುವವನು ದರ ಮುಗಿಯುವ ತನಕ ಕೂರುವುದಿಲ್ಲ. ರೈತನೂ ಕೂರು ಎನ್ನುವುದಿಲ್ಲ. ಬಂದವನು ನಿಂತೇ ಮಾತಾಡಿಸಿ, ಅಟ್ಟ ಹತ್ತಿ, ರಾಶಿಯ ನಡುವಿನಿಂದ ತನ್ನ ಕೈಯಲ್ಲೇ ಕಾಯಿ ಎಳೆದು ಅಲ್ಲಾಡಿಸಿ, ಕೆಳಗೆ ಬಂದು, ಚೌಕಾಸಿ ಮಾಡಿ, ಬೇಡ ಎಂದು ಗೇಟಿನ ತನಕ ಹೋಗಿ, ವಾಪಸ್ ಬಂದು, ಕೊನೆಗೆ ಕೈ ಕುಲುಕಿದ ಮೇಲೆ ಕುರ್ಚಿ ಬರುತ್ತದೆ, ಕಾಫಿ ಬರುತ್ತದೆ. ಕುರ್ಚಿ ಬಂತು ಎಂದರೆ ವ್ಯಾಪಾರ ಮುಗಿಯಿತು ಎಂದು ಅರ್ಥ. ಅದಕ್ಕೂ ಮುಂಚೆ ಕುರ್ಚಿ ಹಾಕುವುದು ನೆಂಟರಿಗೆ, ಮುದುಕರಿಗೆ, ಕಾಯಿಲೆಯವರಿಗೆ.

ಇವರು ತಲೆಯೆತ್ತಿಕೊಂಡು, ಯಾರ ಸಹಾಯವೂ ಇಲ್ಲದೆ, ಅಂಗಳದಲ್ಲಿ ನೇರ ನಡೆದರು. ಅಷ್ಟು ಚೆನ್ನಾಗಿ ನಡೆದರು. ಅಂಗಳದ ನಡುವೆ ಮೊಳಕಾಲಿಗೆ ಏನೋ ಬಡಿದು ಮುಂದಕ್ಕೆ ಮುಗ್ಗರಿಸಿದರು. ಪ್ಲಾಸ್ಟಿಕ್ ಕುರ್ಚಿ. ನಾವು ಬರುವುದು ಗೊತ್ತಾಗಿ ಚನ್ನೇಗೌಡರು ಮೊದಲೇ ತಂದು, ಬಿಸಿಲು ಬೀಳುವ ಜಾಗ ನೋಡಿ ಹಾಕಿದ್ದರು. ಅದರ ಮೇಲೆ ಒಂದು ಟವೆಲ್ ಕೂಡ ಹಾಸಿದ್ದರು.

"ಅಯ್ಯಯ್ಯೋ, ನಿದಾನ ಕಣಣ್ಣ! ಕೂತ್ಕಳಿ, ಕೂತ್ಕಳಿ. ನಿಮಗೇ ಅಂತ ಹಾಕಿದ್ದು," ಎಂದು ಗೌಡರು ಓಡಿ ಬಂದು ತೋಳು ಹಿಡಿದುಕೊಂಡರು.

ಇವರು ಕುರ್ಚಿಯ ಬೆನ್ನನ್ನು, ಕೈಯನ್ನು ಮುಟ್ಟಿ ನೋಡಿದರು. "ಕುರ್ಚಿ ಹಾಕ್ಬಿಟ್ರಾ ಗೌಡ್ರೇ?" ಎಂದರು.

"ಹೂಂ ಅಣ್ಣ. ಕಣ್ಣಿಂದು ಇಚಾರ ಗೊತ್ತಾಯ್ತು. ನೀವ್ಯಾಕೆ ಅಟ್ಟ ಗಿಟ್ಟ ಹತ್ತೀರಾ ಈಗ? ನಾನೇ ಕಾಯಿ ಇಳಿಸಿ ತತ್ತೀನಿ. ಮೊದ್ಲು ಕಾಪಿ ಕುಡೀರಿ."

ಇವರು ಕೂತರು. ಗೌಡರು ಒಂದು ಮಂಕರಿ ತುಂಬ ಕಾಯಿ ತಂದು ಕಾಲ ಹತ್ತಿರ ಇಟ್ಟರು. ಆರಿಸಿ ತಂದ ಕಾಯಿಗಳು ಎಂದು ನನಗೂ ಕಾಣುತ್ತಿತ್ತು. ಮೋಸಕ್ಕೆ ಆರಿಸಿದ್ದಲ್ಲ, ಪ್ರೀತಿಗೆ. ಇವರು ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಎರಡನೆಯದನ್ನು ಮುಟ್ಟಲಿಲ್ಲ. "ಚೆನ್ನಾಗೈತೆ," ಎಂದರು. ದರದ ಮಾತು ಬಂದಾಗ ಗೌಡರು, "ನೀವು ಎಷ್ಟು ಹೇಳಿದ್ರೂ ಸರಿ ಅಣ್ಣ. ನಿಮ್ಮತ್ರ ನಾನು ಚೌಕಾಸಿ ಮಾಡ್ತೀನಾ?" ಎಂದು ನನ್ನ ಕಡೆ ತಿರುಗಿ, "ಅಕ್ಕ, ನೀವೇ ಹೇಳಿ," ಎಂದರು. ಹಿಂದೆಲ್ಲ ಇದೇ ಅಂಗಳದಲ್ಲಿ ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಾಡಿದ್ದನ್ನು ನಾನು ನೋಡಿದ್ದೆ. ಗೌಡರ ಕಣ್ಣಲ್ಲಿ ನೀರಿತ್ತು. ಅವರ ಮೇಲೆ ನನಗೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ. ಆದರೆ ಅವರು ಮಾಡಿದ್ದರಲ್ಲಿ ಏನು ತಪ್ಪಿತ್ತು? ಇವರು ಕಾಫಿ ಪೂರ್ತಿ ಕುಡಿದರು, ಮನೆಯವರನ್ನೆಲ್ಲ ವಿಚಾರಿಸಿದರು. ಏಳುವಾಗ ನನ್ನ ಕಡೆ ಕೈ ಚಾಚಿದರು. ನಾನು ಹಿಡಿದುಕೊಂಡು ವ್ಯಾನಿಗೆ ಕರೆತಂದೆ.

ಹಳೇಬೀಡಿನ ಕೆರೆಯ ಹತ್ತಿರ ಬಂದಾಗ ನಿಲ್ಲಿಸು ಎಂದರು. ನಿಲ್ಲಿಸಿದೆ. ಕೆರೆಯಲ್ಲಿ ನೀರು ತುಂಬಿತ್ತು, ಬಿಸಿಲು ಚೆನ್ನಾಗಿತ್ತು.

"ಚೆನ್ನಾಗಿ ಓಡಿಸ್ತೀಯ ಕಲಾ. ಎಲ್ಲೂ ಇಂಜಿನ್ ಅಳಲಿಲ್ಲ," ಎಂದರು. ಆಮೇಲೆ, "ಇನ್ಮೇಲೆ ನೀನೇ ಹೋಗ್ಬಾ," ಎಂದರು.

"ನಂಗೇನು ಗೊತ್ತು ಕಾಯಿ ವ್ಯಾಪಾರ?"

"ಅಲ್ಲಾಡಿಸಿ ಕೇಳಾದು ತಾನೇ? ಮನೇಲೇ ಕೂತು ಹೇಳ್ಕೊಡ್ತೀನಿ. ಗಾಡಿ ಕಲೀಲಿಲ್ವಾ?"

"ನಾನು ಗಾಡಿ ಕಲ್ತಿದ್ದು ನಿಮ್ಮನ್ನ ಕರ್ಕೊಂಡು ಬರಾಕೆ ಅಲ್ವಾ?" ಎಂದು ಕಿರುಚಿದೆ. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

"ಕರ್ಕೊಂಡು ಬಂದ್ಯಲ್ಲ," ಎಂದರು ಇವರು. ಮುಖ ಕಿಟಕಿಯ ಕಡೆ ಇತ್ತು.

ಅದಾದ ಮೇಲೆ ಇವರು ವ್ಯಾನು ಹತ್ತಿದ್ದು ಆಸ್ಪತ್ರೆಗೆ ಮಾತ್ರ. ನಾನು ಕಲಿತೆ. ಮನೆಯಲ್ಲಿ ಕಾಯಿ ರಾಶಿ ಹಾಕಿ, ಇವರು ಪಕ್ಕದಲ್ಲಿ ಕೂತು, ಈ ಸದ್ದಿಗೆ ಇಷ್ಟು, ಆ ಸದ್ದಿಗೆ ಅಷ್ಟು ಎಂದು ಕಲಿಸಿದರು. ಅಟ್ಟ ಹತ್ತುತ್ತೇನೆ, ನಿಂತೇ ದರ ಮಾಡುತ್ತೇನೆ, ಚನ್ನೇಗೌಡರೂ ನನ್ನ ಜೊತೆ ಜೋರಾಗಿಯೇ ಜಗಳವಾಡುತ್ತಾರೆ. ಜನ ಮೆಚ್ಚುತ್ತಾರೆ. ಆ ಹೆಂಗಸು ಒಬ್ಬಳೇ ಗಾಡಿ ಓಡಿಸಿಕೊಂಡು ಹೆಂಗೆ ಸಂಸಾರ ತೂಗಿಸ್ತಾಳೆ ನೋಡು ಎನ್ನುತ್ತಾರೆ. ಸಂಸಾರ ತೂಗಿದೆ. ಮನುಷ್ಯ ಉಳಿಯಲಿಲ್ಲ. ಊಟ ಮಾಡುತ್ತಾರೆ, ರೇಡಿಯೋ ಕೇಳುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ನನ್ನನ್ನು ಬೈಯುವುದಿಲ್ಲ. ಒಂದೇ ಒಂದು ಸಲ ಬೈದರೆ ಸಾಕು ಎಂದು ನಾನು ಎಷ್ಟೋ ಸಲ ಬೇಕೆಂದೇ ತಪ್ಪು ಲೆಕ್ಕ ಹೇಳಿದ್ದೇನೆ. ಮೆತ್ತಗೆ ತಿದ್ದುತ್ತಾರೆ, ಅಷ್ಟೇ. ಕಣ್ಣು ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕೊಂದಿದೆ.

ಇಷ್ಟು ವರ್ಷ, ದಿನಾ ಬೆಳಿಗ್ಗೆ ಕೀ ತೆಗೆದುಕೊಳ್ಳುವಾಗ, ಜಗಲಿಯ ಕಡೆ ತಿರುಗಿ "ಬರ್ತೀರೇನ್ರೀ?" ಎಂದು ಕೇಳುತ್ತಿದ್ದೆ. "ಇವತ್ತು ಬ್ಯಾಡ, ಹೋಗ್ಬಾ," ಎನ್ನುತ್ತಿದ್ದರು. ನಾಳೆ ಬರುವವರ ಹಾಗೆ ಹೇಳುತ್ತಿದ್ದರು, ನಾನೂ ನಂಬಿದವಳ ಹಾಗೆ ಹೊರಡುತ್ತಿದ್ದೆ. ಇವತ್ತು ಬೆಳಿಗ್ಗೆ ಏನೋ ಅವಸರ. ಚೀಲ ಹುಡುಕಿ, ಫೋನಿನಲ್ಲಿ ಮಾತಾಡುತ್ತಲೇ ವ್ಯಾನು ಹತ್ತಿ ಬಂದುಬಿಟ್ಟೆ. ಕೆರೆಯ ಪಕ್ಕ ಗಾಡಿ ನಿಲ್ಲಿಸಿಕೊಂಡು ಕೂತಾಗ ನೆನಪಾಯಿತು, ಇವತ್ತು ಕೇಳಲಿಲ್ಲ ಎಂದು. ತಕ್ಷಣ ಮನೆಗೆ ಫೋನು ಮಾಡಿದೆ.

"ಏನೇ?" ಎಂದರು.

"ಏನಿಲ್ಲ. ಬೆಳಿಗ್ಗೆ ನಿಮ್ಮನ್ನ ಬರ್ತೀರಾ ಅಂತ ಕೇಳ್ದೆ ಬಂದ್ಬಿಟ್ಟೆ."

"ಹೌದಾ?" ಎಂದರು. "ಗೊತ್ತಾಗಲಿಲ್ಲ ಕಣೇ."